ಊರು ಗೊತ್ತಿಲ್ಲದ ಪತ್ತೇದಾರ: ಸಿಡ್ನಿಯಲ್ಲಿ ಹ್ಯಾರಿ ಹೂಲೆ

ಇವತ್ತು ಒಂದು ಪತ್ತೇದಾರಿ ಕಾದಂಬರಿ ಬಗ್ಗೆ ಮಾತಾಡೋಣ. ಕಥೆ ಸಿಂಪಲ್ ಆಗಿ ಹೇಳಬೇಕು ಅಂದ್ರೆ, ಕುಡಿತದಿಂದ ಅರ್ಧ ಹಾಳಾಗಿರೋ ಒಬ್ಬ ಪೊಲೀಸ್ ಅಧಿಕಾರಿ ತನ್ನದಲ್ಲದ ಊರಿಗೆ ಹೋಗಿ ಒಂದು ಕೊಲೆಯ ಬೆನ್ನು ಹತ್ತುತ್ತಾನೆ. ಊರು ಸಿಡ್ನಿ. ಅಧಿಕಾರಿ ನಾರ್ವೆಯವನು. ಹೆಸರು ಹ್ಯಾರಿ ಹೂಲೆ.

ಮೊದಲೇ ಒಂದು ಮಾತು ಕೊಡ್ತೀನಿ. ಕೊಲೆ ಮಾಡಿದ್ದು ಯಾರು ಅಂತ ನಾನು ಹೇಳಲ್ಲ. ಆದ್ರೆ ಹ್ಯಾರಿಯ ಹಳೇ ಕಥೆ ಸ್ವಲ್ಪ ಹೇಳಬೇಕಾಗುತ್ತೆ. ಅದೂ ಬೇಡ ಅನ್ನೋರು ಇಲ್ಲೇ ಪಾಸ್ ಮಾಡಿ, ಪುಸ್ತಕ ಓದಿ ವಾಪಸ್ ಬನ್ನಿ.

ಈ ಕಾದಂಬರಿ ಬಂದಿದ್ದು 1997ರಲ್ಲಿ, ನಾರ್ವೇಜಿಯನ್ ಭಾಷೆಯಲ್ಲಿ. ಮೂಲ ಹೆಸರಿನ ಅರ್ಥ 'ಬಾವಲಿ ಮನುಷ್ಯ'. ಇಂಗ್ಲಿಷ್‌ನಲ್ಲಿ 'ದಿ ಬ್ಯಾಟ್' ಅಂತ ಮಾತ್ರ ಇಟ್ಟರು. ಬ್ಯಾಟ್‌ಮ್ಯಾನ್ ಅಂದುಬಿಟ್ರೆ ನಮಗೆಲ್ಲ ಬೇರೆಯವನೇ ನೆನಪಾಗ್ತಾನಲ್ಲ! ಬರೆದವರು ಯೂ ನೆಸ್ಬೊ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾವೆಲ್ಲ 'ಜೋ' ಅಂತ ಓದ್ತೀವಿ, ನಾರ್ವೆಯಲ್ಲಿ ಅದು 'ಯೂ'. 2017ರಲ್ಲಿ ಮೈಕೆಲ್ ಫಾಸ್‌ಬೆಂಡರ್ ನಟಿಸಿದ್ದ 'ದಿ ಸ್ನೋಮ್ಯಾನ್' ಅಂತ ಒಂದು ಸಿನಿಮಾ ಬಂದಿತ್ತು, ನೆನಪಿದ್ಯಾ? ಅದರ ಹೀರೋ ಕೂಡ ಇದೇ ಹ್ಯಾರಿ. ಆ ಸಿನಿಮಾ ನೋಡಿ ಬೇಜಾರಾಗಿದ್ದವರು ದಯವಿಟ್ಟು ಅದನ್ನ ಮರೆತು ಪುಸ್ತಕಕ್ಕೆ ಒಂದು ಅವಕಾಶ ಕೊಡಿ.

ನೆಸ್ಬೊ ಅವರ ಕಥೆಯೇ ಒಂದು ಕಾದಂಬರಿ ಥರ ಇದೆ. ಹುಡುಗನಾಗಿದ್ದಾಗ ಮೋಲ್ಡೆ ಅನ್ನೋ ಊರಿನ ಕ್ಲಬ್‌ಗೆ ಫುಟ್‌ಬಾಲ್ ಆಡ್ತಿದ್ದರು. ಮೊಣಕಾಲಿನ ಗಾಯ ಆಟ ನಿಲ್ಲಿಸಿತು. ಆಮೇಲೆ ಅರ್ಥಶಾಸ್ತ್ರ ಓದಿ, ಹಗಲು ಶೇರು ಮಾರುಕಟ್ಟೆಯಲ್ಲಿ ಕೆಲಸ, ರಾತ್ರಿ ಬ್ಯಾಂಡ್‌ನಲ್ಲಿ ಹಾಡು. ಆ ಬ್ಯಾಂಡ್ ನಾರ್ವೆಯಲ್ಲಿ ದೊಡ್ಡ ಹೆಸರು ಮಾಡಿತ್ತು. ಎರಡೂ ಕೆಲಸ ಮಾಡಿ ಮಾಡಿ ಸುಸ್ತಾಗಿ, ಆರು ತಿಂಗಳು ರಜೆ ಹಾಕಿ ಆಸ್ಟ್ರೇಲಿಯಾಕ್ಕೆ ಹೊರಟರು. ಪ್ರಕಾಶನ ಸಂಸ್ಥೆಯವರು ಕೇಳಿದ್ದು ಬ್ಯಾಂಡ್‌ನ ತಿರುಗಾಟದ ಬಗ್ಗೆ ಒಂದು ಪುಸ್ತಕ. ಆದ್ರೆ ಓಸ್ಲೋದಿಂದ ಸಿಡ್ನಿಗೆ ಹೋಗೋ ಆ ಉದ್ದದ ವಿಮಾನ ಪ್ರಯಾಣದಲ್ಲಿ ಅವರಿಗೆ ಹೊಳೆದಿದ್ದು ಕೊಲೆಯ ಕಥೆ. ಮುಗಿಸಿದ ಮೇಲೆ ಹಸ್ತಪ್ರತಿಯನ್ನ ಸುಳ್ಳು ಹೆಸರಲ್ಲಿ ಕಳಿಸಿದರು. 'ಹಾಡುಗಾರ ಬರೆದಿದ್ದಾನೆ, ಮಾರಾಟ ಆಗುತ್ತೆ' ಅಂತ ಯಾರೂ ಪ್ರಿಂಟ್ ಮಾಡಬಾರದು ಅನ್ನೋದು ಅವರ ಲೆಕ್ಕ. ಪುಸ್ತಕ ಬಂತು, ನಾರ್ವೆಯ ರಿವರ್ಟನ್ ಪ್ರಶಸ್ತಿ ಬಂತು, ಮರುವರ್ಷ ಇಡೀ ನಾರ್ಡಿಕ್ ದೇಶಗಳ ಅತ್ಯುತ್ತಮ ಪತ್ತೇದಾರಿ ಕಾದಂಬರಿಗೆ ಕೊಡೋ ಗ್ಲಾಸ್ ಕೀ ಪ್ರಶಸ್ತಿಯೂ ಬಂತು. ಇಂಗ್ಲಿಷ್‌ಗೆ ಬರೋಕೆ ಮಾತ್ರ 2012ರ ತನಕ ಕಾಯಬೇಕಾಯಿತು. ಅಷ್ಟೊತ್ತಿಗೆ ಸರಣಿಯ ಆಮೇಲಿನ ಪುಸ್ತಕಗಳು ಜಗತ್ತೆಲ್ಲಾ ಹರಡಿದ್ದವು. ಅಂದ್ರೆ ಇಂಗ್ಲಿಷ್ ಓದುಗರು ಹ್ಯಾರಿಯ ಮುಂದಿನ ಜೀವನ ಓದಿ ಆಮೇಲೆ ಅವನ ಶುರುವಾತು ಓದಿದರು.

ಸರಿ, ಕಥೆಗೆ ಬರೋಣ. ಇಂಗರ್ ಹೋಲ್ಟರ್ ಅನ್ನೋ 23 ವರ್ಷದ ನಾರ್ವೆ ಹುಡುಗಿ ಸಿಡ್ನಿಯಲ್ಲಿ ಕೊಲೆಯಾಗಿದ್ದಾಳೆ. ತನ್ನ ದೇಶದಲ್ಲಿ ಟೀವಿಯಲ್ಲಿ ಸ್ವಲ್ಪ ಹೆಸರು ಮಾಡಿದ್ದವಳು, ಇಲ್ಲಿ ಒಂದು ಬಾರ್‌ನಲ್ಲಿ ಕೆಲಸ ಮಾಡ್ತಿದ್ದಳು. ಗೊತ್ತಿರೋ ಮುಖ ಆದ್ದರಿಂದ ಓಸ್ಲೋ ಪೊಲೀಸರು ಒಬ್ಬ ಅಧಿಕಾರಿಯನ್ನ ಕಳಿಸುತ್ತಾರೆ. ಕಾದಂಬರಿ ಶುರುವಾಗೋದೇ ಏರ್‌ಪೋರ್ಟ್‌ನ ಪಾಸ್‌ಪೋರ್ಟ್ ಕೌಂಟರ್‌ನಲ್ಲಿ. ಅಲ್ಲಿಂದಲೇ ಅವನ ಪರದಾಟ ಶುರು.

ಮೊದಲ ಪರದಾಟ ಹೆಸರಿನದ್ದು. 'ಹೂಲೆ' ಅನ್ನೋಕೆ ಆಸ್ಟ್ರೇಲಿಯಾದವರಿಗೆ ನಾಲಿಗೆ ಹೊರಳಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದ್ರೆ 'ಹೋಲ್', ಅಂದ್ರೆ ತೂತು. ಅದಕ್ಕೆ ಎಲ್ಲರೂ ಅವನನ್ನ 'ಹೋಲಿ' ಅಂತ ಕರೀತಾರೆ. ಹೋಲಿ ಅಂದ್ರೆ ಪವಿತ್ರ. ಕುಡಿತ ಬಿಟ್ಟು ಒದ್ದಾಡ್ತಿರೋ ಮನುಷ್ಯನಿಗೆ ಪವಿತ್ರ ಅನ್ನೋ ಹೆಸರು! ಬೆಂಗಳೂರು ಬಿಟ್ಟು ಹೊರಗೆ ಕೆಲಸ ಮಾಡಿರೋ ಯಾರಿಗಾದ್ರೂ ಇದು ಗೊತ್ತಿರುತ್ತೆ. ಮಂಜುನಾಥ 'ಮ್ಯಾನ್' ಆಗ್ತಾನೆ, ಪುಟ್ಟಸ್ವಾಮಿ 'ಪುಟ್' ಆಗ್ತಾನೆ. ಒಂದೆರಡು ಸಲ ತಿದ್ದುತ್ತೇವೆ, ಆಮೇಲೆ ಆ ಹೆಸರಿಗೇ ತಿರುಗಿ ನೋಡೋದು ರೂಢಿಯಾಗುತ್ತೆ. ಹ್ಯಾರಿಯೂ ಹಾಗೇ ಮಾಡ್ತಾನೆ.

ಎರಡನೇ ಪರದಾಟ ಅಧಿಕಾರದ್ದು. ಸಿಡ್ನಿಯ ಮೇಲಧಿಕಾರಿ ನೀಲ್ ಮೆಕಾರ್ಮ್ಯಾಕ್ ಅವನಿಗೆ ನೇರವಾಗಿ ಹೇಳ್ತಾನೆ, ನೀನು ಇಲ್ಲಿ ಅತಿಥಿ, ನೋಡು, ಕಲಿ, ಆದ್ರೆ ಮಧ್ಯೆ ಕೈ ಹಾಕಬೇಡ ಅಂತ. ಜೊತೆಗೆ ಒಬ್ಬ ಅಧಿಕಾರಿಯನ್ನೂ ಕೊಡ್ತಾರೆ. ಹೇಳೋಕೆ ಅವನು ಸಹಾಯಕ, ಒಳಗೊಳಗೆ ಕಾವಲುಗಾರ.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕಂದ್ರೆ ಸಿನಿಮಾಗಳು ನಮಗೆ ಇದನ್ನ ತಪ್ಪಾಗಿ ಕಲಿಸಿವೆ. ಸಿನಿಮಾದಲ್ಲಿ ಒಬ್ಬ ಆಫೀಸರ್ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗ್ತಾನೆ, ಗನ್ ತೆಗೀತಾನೆ, ಅರೆಸ್ಟ್ ಮಾಡ್ತಾನೆ. ನಿಜದಲ್ಲಿ ಒಂದು ದೇಶದ ಪೊಲೀಸನಿಗೆ ಇನ್ನೊಂದು ದೇಶದ ನೆಲದಲ್ಲಿ ಇರೋ ಅಧಿಕಾರ, ಒಬ್ಬ ಪ್ರವಾಸಿಗೆ ಇರುವಷ್ಟೇ. ಇಂಟರ್‌ಪೋಲ್ ಇದ್ಯಲ್ಲ ಅಂತೀರಾ? 1923ರಲ್ಲಿ ವಿಯೆನ್ನಾದಲ್ಲಿ ಶುರುವಾಗಿ, ಈಗ ಫ್ರಾನ್ಸ್‌ನ ಲಿಯೋನ್‌ನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರೋ ಇಂಟರ್‌ಪೋಲ್ ಯಾರನ್ನೂ ತಾನೇ ಹೋಗಿ ಬಂಧಿಸೋದಿಲ್ಲ. ಅದು ದೇಶ ದೇಶಗಳ ಪೊಲೀಸರ ನಡುವೆ ಮಾಹಿತಿ ಸಾಗಿಸೋ ವ್ಯವಸ್ಥೆ. ರೆಡ್ ನೋಟಿಸ್ ಅಂದ್ರೂ ಅದು ಒಂದು ವಿನಂತಿಯೇ.

ನಮ್ಮ ಕರ್ನಾಟಕದ ಒಬ್ಬ ಇನ್‌ಸ್ಪೆಕ್ಟರ್‌ಗೆ ಸಿಡ್ನಿಯಲ್ಲಿರೋ ಒಬ್ಬ ಸಾಕ್ಷಿಯ ಹೇಳಿಕೆ ಬೇಕು ಅಂದುಕೊಳ್ಳಿ. ಅವರು ಟಿಕೆಟ್ ಬುಕ್ ಮಾಡಿ ಹೋಗೋಕಾಗಲ್ಲ. ಮೊದಲು ಇಲ್ಲಿನ ಕೋರ್ಟ್‌ಗೆ ಅರ್ಜಿ ಹಾಕಬೇಕು. ಕೋರ್ಟ್ ಅಲ್ಲಿನ ಸಕ್ಷಮ ಪ್ರಾಧಿಕಾರಕ್ಕೆ ಕೋರಿಕೆ ಪತ್ರ ಬರೆಯುತ್ತೆ. ವಕೀಲರ ಬಾಯಲ್ಲಿ ಅದು 'ಲೆಟರ್ ರೋಗೇಟರಿ'. ಮೊದಲು ಸಿಆರ್‌ಪಿಸಿಯ 166ಎ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದರ ಜಾಗದಲ್ಲಿ 112ನೇ ಕಲಂ ಇದೆ. ಪತ್ರ ದೆಹಲಿಯ ಗೃಹ ಸಚಿವಾಲಯದ ಮೂಲಕ ಹೋಗಬೇಕು. ಅಲ್ಲಿ ಪ್ರಶ್ನೆ ಕೇಳೋರು ಅಲ್ಲಿನ ಪೊಲೀಸರು, ಅಲ್ಲಿನ ಕಾನೂನಿನ ಪ್ರಕಾರ. ಅನುಮತಿ ಸಿಕ್ಕಿದ್ರೆ ನಮ್ಮವರು ಪಕ್ಕದಲ್ಲಿ ಕೂತ್ಕೋಬಹುದು. ಅಂದ್ರೆ ಹ್ಯಾರಿ ಕೂತಿರೋದು ಅದೇ ಕುರ್ಚಿಯಲ್ಲಿ. ನೆಸ್ಬೊ ಈ ಅಸಹಾಯಕತೆಯನ್ನ ಕಥೆಯ ಎಂಜಿನ್ ಮಾಡಿಕೊಂಡಿದ್ದಾರೆ.

ಅಧಿಕಾರ ಇಲ್ಲದಿದ್ರೂ ಬುದ್ಧಿ ಇದ್ಯಲ್ಲ, ಅದು ಸಾಲಲ್ವಾ ಅಂತ ನೀವು ಕೇಳಬಹುದು. ಇಲ್ಲೇ ನನಗೆ ಈ ಕಾದಂಬರಿ ತುಂಬ ಇಷ್ಟವಾಗಿದ್ದು. ಪತ್ತೇದಾರನ ಬುದ್ಧಿ ಅಂತ ನಾವು ಕರೆಯೋದರಲ್ಲಿ ಮುಕ್ಕಾಲು ಪಾಲು ಅವನ ಊರಿನ ಪರಿಚಯ. ನಿಮ್ಮ ಏರಿಯಾದಲ್ಲಿ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಬೇಕರಿ ಮುಂದೆ ನಿಂತಿದ್ರೆ ಅದು ಮಾಮೂಲಾ, ಅನುಮಾನ ಪಡಬೇಕಾ ಅಂತ ನಿಮಗೆ ಥಟ್ಟನೆ ಗೊತ್ತಾಗುತ್ತೆ. ಒಬ್ಬರು 'ಬರ್ತೀನಿ' ಅಂದಾಗ ನಿಜವಾಗ್ಲೂ ಬರ್ತಾರಾ, ಇಲ್ಲಾ ಮರ್ಯಾದೆಗೆ ಅಂದಿದ್ದಾ ಅನ್ನೋದು ದನಿಯಲ್ಲೇ ತಿಳಿಯುತ್ತೆ. ಇದನ್ನ ಯಾರೂ ನಮಗೆ ಕೂರಿಸಿ ಕಲಿಸಿಲ್ಲ. ಓಸ್ಲೋದಲ್ಲಿ ಹ್ಯಾರಿಗೆ ಇದೆಲ್ಲ ಇತ್ತು. ಸಿಡ್ನಿಯಲ್ಲಿ ಅವನ ಹತ್ತಿರ ಉಳಿದಿರೋದು ಕಣ್ಣು ಮಾತ್ರ. ಯಾವುದನ್ನ ನೋಡಬೇಕು ಅಂತ ಆ ಕಣ್ಣಿಗೆ ಗೊತ್ತಿಲ್ಲ.

ಆ ಕೊರತೆ ತುಂಬೋಕೆ ಬರೋದು ಆಂಡ್ರೂ ಕೆನ್ಸಿಂಗ್ಟನ್. ನಾನು ಆಗಲೇ ಹೇಳಿದ ಕಾವಲುಗಾರ ಇವನೇ. ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದವನು, ಹಿಂದೆ ಬಾಕ್ಸರ್ ಆಗಿದ್ದವನು, ಈಗ ಪತ್ತೇದಾರ. ಹ್ಯಾರಿ ಸಾಕ್ಷ್ಯ ಎಲ್ಲಿ, ಫೈಲ್ ಎಲ್ಲಿ ಅಂತ ಕೇಳ್ತಿದ್ರೆ, ಆಂಡ್ರೂ ಅವನನ್ನ ಊರೆಲ್ಲಾ ಸುತ್ತಿಸ್ತಾನೆ. ಬಾರ್‌ಗಳು, ಪಾರ್ಕುಗಳು, ಬಾಕ್ಸಿಂಗ್ ಕಣ. ದಾರಿ ಉದ್ದಕ್ಕೂ ಕಥೆ ಹೇಳ್ತಾನೆ. ವಾಲಾ ಅನ್ನೋ ಯೋಧ, ಅವನು ಪ್ರೀತಿಸಿದ ಮೂರಾ, ಅವರ ಮಧ್ಯೆ ಬರೋ ಬುಬ್ಬರ್ ಅನ್ನೋ ಹಾವು. ಕಾದಂಬರಿಯ ಮೂರು ಭಾಗಗಳಿಗೂ ಇವೇ ಮೂರು ಹೆಸರು. ಹ್ಯಾರಿ ಅದನ್ನ ಪ್ರವಾಸಿಗರಿಗೆ ಹೇಳೋ ಕಥೆ ಅಂದುಕೊಂಡು ಕೇಳಿಸಿಕೊಳ್ತಾನೆ. ಅಜ್ಜಿ ಕಥೆ ಹೇಳುವಾಗ ನಾವು ನಿದ್ದೆ ಹೋದ ಹಾಗೆ. ಆ ಕಥೆಗಳಲ್ಲಿ ಏನು ಬಚ್ಚಿಟ್ಟಿದೆ ಅನ್ನೋದು ನಿಮ್ಮ ಓದಿಗೆ ಬಿಟ್ಟಿದ್ದು.

ಆಂಡ್ರೂ ಮೂಲಕ ಕಾದಂಬರಿಯಲ್ಲಿ ಇನ್ನೊಂದು, ತುಂಬಾ ಹಳೆಯ ಅಪರಾಧದ ಕಡತವೂ ತೆರೆಯುತ್ತೆ. ಅದು ಆ ದೇಶದ್ದು.

ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ನೆಲೆ ಹೂಡಿದಾಗ ಆ ನೆಲ ಯಾರಿಗೂ ಸೇರಿದ್ದಲ್ಲ ಅಂತ ನಡೆದುಕೊಂಡರು. ಅಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಜನ ಬದುಕಿದ್ದರು, ಆದ್ರೂ ಕಾನೂನಿನ ಲೆಕ್ಕದಲ್ಲಿ ಅವರ ಹಕ್ಕಿಗೆ ಜಾಗ ಇರಲಿಲ್ಲ. ಈ ವಾದವನ್ನ ಆಸ್ಟ್ರೇಲಿಯಾದ ಹೈಕೋರ್ಟ್, ಅಂದ್ರೆ ಅವರ ಸರ್ವೋಚ್ಚ ನ್ಯಾಯಾಲಯ, ತಳ್ಳಿಹಾಕಿದ್ದು 1992ರ ಜೂನ್ 3ರಂದು, ಮಾಬೋ ಪ್ರಕರಣದಲ್ಲಿ. ನೆಸ್ಬೊ ಸಿಡ್ನಿಯಲ್ಲಿ ಕೂತು ಬರೀತಿದ್ದಾಗ ಈ ತೀರ್ಪಿನ ಬಿಸಿ ಇನ್ನೂ ಆರಿರಲಿಲ್ಲ.

ಇನ್ನೊಂದು ವಿಷಯ ಮಕ್ಕಳದ್ದು. ಸರ್ಕಾರ, ಮಿಷನ್‌ಗಳು ಸೇರಿ ಮೂಲನಿವಾಸಿ ಮಕ್ಕಳನ್ನ ಅಪ್ಪ ಅಮ್ಮನಿಂದ ಕಿತ್ತುಕೊಂಡು ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದರು. ಆ ಮಕ್ಕಳನ್ನ 'ಕದ್ದೊಯ್ದ ತಲೆಮಾರು' ಅಂತಾರೆ. 1997ರಲ್ಲಿ ಬಂದ 'ಬ್ರಿಂಗಿಂಗ್ ದೆಮ್ ಹೋಮ್' ಅನ್ನೋ ವಿಚಾರಣಾ ವರದಿಯ ಅಂದಾಜಿನ ಪ್ರಕಾರ, 1910ರಿಂದ 1970ರ ನಡುವೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳನ್ನ ಹೀಗೆ ಬೇರ್ಪಡಿಸಲಾಗಿತ್ತು. ವರದಿ ಬಂದ ವರ್ಷವೂ ಕಾದಂಬರಿ ಬಂದ ವರ್ಷವೂ ಒಂದೇ. ಆಸ್ಟ್ರೇಲಿಯಾ ಸರ್ಕಾರ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳೋಕೆ 2008ರ ಫೆಬ್ರುವರಿ 13 ಬರಬೇಕಾಯಿತು. ಆಗ ಪ್ರಧಾನಿ ಕೆವಿನ್ ರಡ್. ಆಂಡ್ರೂ ಇಂಥ ಬಾಲ್ಯದಿಂದ ಬಂದವನು. ಅವನ ನಗುವಿನ ಹಿಂದೆ ಇದೆಲ್ಲ ಇದೆ.

ಈಗ ಒಂದು ಪ್ರಶ್ನೆ ಕೇಳ್ತೀನಿ. ಇಂಗರ್ ಹೋಲ್ಟರ್ ಸತ್ತಾಗ ಭೂಮಿಯ ಆ ತುದಿಯಿಂದ ಈ ತುದಿಗೆ ಒಬ್ಬ ಪೊಲೀಸ್ ಅಧಿಕಾರಿ ಹಾರಿ ಬಂದ. ಪತ್ರಿಕೆಗಳು ಬರೆದವು. ಅದೇ ದೇಶದಲ್ಲಿ ಪೊಲೀಸ್ ಲಾಕಪ್‌ಗಳಲ್ಲಿ, ಜೈಲುಗಳಲ್ಲಿ ಸತ್ತ ಮೂಲನಿವಾಸಿಗಳ ಬಗ್ಗೆ ವಿಚಾರಣೆ ಆಗಬೇಕಾದ್ರೆ ಕುಟುಂಬಗಳು ವರ್ಷಗಟ್ಟಲೆ ಬೀದಿಗಿಳಿಯಬೇಕಾಯಿತು. 1987ರಲ್ಲಿ ಒಂದು ರಾಯಲ್ ಕಮಿಷನ್ ರಚನೆಯಾಯಿತು. ಅದು 1980ರಿಂದ 1989ರ ಮೇ ತನಕದ 99 ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿ, 1991ರಲ್ಲಿ 339 ಶಿಫಾರಸುಗಳನ್ನ ಕೊಟ್ಟಿತು. ಆ 99 ಜನರಲ್ಲಿ 43 ಮಂದಿಯನ್ನ ಬಾಲ್ಯದಲ್ಲೇ ಮನೆಯವರಿಂದ ಬೇರ್ಪಡಿಸಲಾಗಿತ್ತು. ಈ ಒಂದು ಅಂಕಿ ಓದಿದ ಮೇಲೆ ನಾನು ಪುಸ್ತಕ ಮತ್ತೆ ತೆಗೆದು ಆಂಡ್ರೂ ಇರೋ ಪುಟಗಳನ್ನ ಮಾತ್ರ ಓದಿದೆ. ಮೊದಲ ಓದಿನಲ್ಲಿ ತಮಾಷೆ ಅನ್ನಿಸಿದ್ದ ಎಷ್ಟೋ ಮಾತು ಈ ಸಲ ಎದೆಗೆ ನಾಟಿತು.

ಯಾರ ಸಾವಿಗೆ ಪತ್ತೇದಾರ ಬರ್ತಾನೆ, ಯಾರ ಸಾವಿಗೆ ಬರಲ್ಲ? ಕಾದಂಬರಿ ಇದನ್ನ ಭಾಷಣದ ಥರ ಎಲ್ಲೂ ಕೇಳೋದಿಲ್ಲ. ಹ್ಯಾರಿಯನ್ನ ಆಂಡ್ರೂ ಪಕ್ಕದಲ್ಲಿ ಕಾರಿನಲ್ಲಿ ಕೂರಿಸುತ್ತೆ, ಅಷ್ಟೇ. ಪ್ರಶ್ನೆ ನಮ್ಮೊಳಗೇ ಹುಟ್ಟುತ್ತೆ.

ಈಗ ಹ್ಯಾರಿಯ ಕುಡಿತದ ವಿಷಯ. ಇದು ನನಗೆ ಸ್ವಲ್ಪ ಹತ್ತಿರದ್ದು.

ಹ್ಯಾರಿ ಸಿಡ್ನಿಗೆ ಬಂದಾಗ ಕುಡಿತ ಬಿಟ್ಟಿದ್ದಾನೆ. ಯಾಕೆ ಅಂತ ಕಥೆ ಅರ್ಧ ಆಗೋ ಹೊತ್ತಿಗೆ ಗೊತ್ತಾಗುತ್ತೆ. ಓಸ್ಲೋದಲ್ಲಿ ಕುಡಿದ ಅಮಲಿನಲ್ಲಿ ಪೊಲೀಸ್ ಕಾರು ಓಡಿಸಿ, ಒಂದು ಬೆನ್ನಟ್ಟುವಿಕೆಯಲ್ಲಿ ಅಪಘಾತ ಮಾಡಿದ್ದಾನೆ. ಜೊತೆಗಿದ್ದ ಸಹೋದ್ಯೋಗಿ ಸತ್ತ. ಇಲಾಖೆಗೆ ಮರ್ಯಾದೆ ಮುಖ್ಯ, ಆದ್ದರಿಂದ ಮೇಲಿನವರು ಸತ್ಯ ಮುಚ್ಚಿದರು. ಹ್ಯಾರಿಗೆ ಶಿಕ್ಷೆ ಆಗಲಿಲ್ಲ. ಸಿಡ್ನಿಯಲ್ಲಿ ಒಂದು ದೊಡ್ಡ ಆಘಾತ ಆದಾಗ ಅವನು ಮತ್ತೆ ಬಾಟಲಿ ಹಿಡೀತಾನೆ. ಆ ಪುಟಗಳಲ್ಲಿ ಸ್ಟೈಲ್ ಏನೂ ಇಲ್ಲ. ವಾಂತಿ ಇದೆ, ಜಗಳ ಇದೆ, ಕಳೆದುಹೋದ ದಿನಗಳಿವೆ.

ನಮ್ಮ ಸೋದರಮಾವ ಒಬ್ಬರಿದ್ದರು. ತಿಪಟೂರು ಕಡೆ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟುಹೋದ್ರೆ ಸುತ್ತಮುತ್ತಲ ಹಳ್ಳಿಯವರೆಲ್ಲ ಅವರ ಹತ್ತಿರವೇ ಬರ್ತಿದ್ದರು. ಮೋಟಾರ್ ಆನ್ ಮಾಡಿಸಿ, ಸದ್ದು ಕೇಳಿಯೇ ತೊಂದರೆ ಎಲ್ಲಿದೆ ಅಂತ ಹೇಳೋರು. ಸಂಜೆ ಆರಾದ್ರೆ ಎಣ್ಣೆ. ಆಮೇಲಾಮೇಲೆ ಬೆಳಿಗ್ಗೆ ಹತ್ತಕ್ಕೂ ಎಣ್ಣೆ. ಗಿರಾಕಿಗಳು ಏನಂತಿದ್ದರು ಗೊತ್ತಾ? 'ಕುಡಿದ್ರೂ ಅವನ ಕೈಗುಣಕ್ಕೆ ಸಾಟಿ ಇಲ್ಲ ಬಿಡಿ.' ಇನ್ನು ಕೆಲವರು 'ಕುಡಿದ್ರೇನೇ ಅವನ ಕೈ ಓಡೋದು' ಅಂತ ನಗೋರು. ನಾನು ಚಿಕ್ಕವಳಿದ್ದಾಗ ಅದನ್ನ ಕೇಳಿ ಹೆಮ್ಮೆಪಟ್ಟಿದ್ದೂ ಇದೆ.

ಅದೇ ಹೊತ್ತಿಗೆ ನಮ್ಮತ್ತೆ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದರು. ಯಾವ ಅಂಗಡಿಗೆ ಎಷ್ಟು ಸಾಲ, ತಾಮ್ರದ ವೈರ್ ತಂದಿದ್ದಕ್ಕೆ ಎಷ್ಟು ಬಾಕಿ, ಯಾರು ಅಡ್ವಾನ್ಸ್ ಕೊಟ್ಟು ಮೂರು ವಾರದಿಂದ ಮೋಟಾರ್‌ಗೆ ಕಾಯ್ತಿದ್ದಾರೆ, ಎಲ್ಲಾ ಅದರಲ್ಲಿ. ಬೆಳೆ ಒಣಗ್ತಿದೆ ಅಂತ ರೈತರು ಬಂದು ಬಾಗಿಲಲ್ಲಿ ಕೂಗಿದಾಗ ಉತ್ತರ ಕೊಡ್ತಿದ್ದಿದ್ದು ಅತ್ತೆ. ಮಾವ ಐವತ್ತು ತುಂಬೋದ್ರೊಳಗೆ ಹೋದರು. ಊರಿನವರು ಇವತ್ತಿಗೂ ಮಾವನ ಕೈಗುಣದ ಕಥೆ ಹೇಳ್ತಾರೆ. ಅತ್ತೆ ಆ ಕಥೆ ಒಂದು ದಿನವೂ ಹೇಳಿದ್ದು ನಾನು ಕೇಳಿಲ್ಲ.

ಅದಕ್ಕೇ 'ಕುಡುಕ ಆದ್ರೆ ಜೀನಿಯಸ್' ಅನ್ನೋ ಪತ್ತೇದಾರರನ್ನ ಕಂಡ್ರೆ ನನಗೆ ಅನುಮಾನ. ಆ ಕಥೆಯನ್ನ ಯಾವಾಗಲೂ ಗಿರಾಕಿಗಳು ಹೇಳ್ತಾರೆ, ಮನೆಯವರಲ್ಲ. ಓಟಿಟಿ ತೆರೆದ್ರೆ ಎಷ್ಟು ಸೀರೀಸ್‌ಗಳಲ್ಲಿ ಹೀರೋ ಕೈಯಲ್ಲಿ ಗ್ಲಾಸ್ ಹಿಡಿದು ಕಿಟಕಿ ಪಕ್ಕ ನಿಂತಿರ್ತಾನೆ, ಮರುದಿನ ಕೇಸ್ ಬಿಡಿಸಿರ್ತಾನೆ! ನೆಸ್ಬೊ ಆ ಹಳ್ಳಕ್ಕೆ ಪೂರ್ತಿ ಬಿದ್ದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹ್ಯಾರಿ ಕುಡಿದಾಗ ಅವನ ಬುದ್ಧಿ ಚುರುಕಾಗಲ್ಲ. ಅವನ ಪಕ್ಕದಲ್ಲಿರೋರಿಗೆ ಪೆಟ್ಟಾಗುತ್ತೆ. ಇಂಗರ್ ಜೊತೆ ಕೆಲಸ ಮಾಡ್ತಿದ್ದ ಬಿರ್ಗಿಟ್ಟಾ ಅನ್ನೋ ಸ್ವೀಡಿಷ್ ಹುಡುಗಿ ಹ್ಯಾರಿಯನ್ನ ಇಷ್ಟಪಡ್ತಾಳೆ. ಅವನ ನಿಜ ಬಣ್ಣ ನೋಡೋದು, ಅದಕ್ಕೆ ಬೆಲೆ ತೆರೋದು ಅವಳೇ. ಆದ್ರೂ ಸರಣಿ ಮುಂದೆ ಹೋದಂತೆ ಹ್ಯಾರಿಯ ಕುಡಿತ ಓದುಗರಿಗೆ ಅವನ ಗುರುತಾಗಿಬಿಡ್ತು, ಶೆರ್ಲಾಕ್‌ಗೆ ಪೈಪ್ ಇದ್ದ ಹಾಗೆ. ಅದು ನನಗೆ ಇಷ್ಟ ಇಲ್ಲ.

ಇದನ್ನ ಕೇಳ್ತಿರೋರ ಮನೆಯಲ್ಲಿ ಇಂಥದ್ದು ನಡೀತಿದ್ರೆ ಒಂದು ಮಾಹಿತಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ದಿನದ ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು. ಕುಡಿಯೋರು ಮಾತ್ರ ಅಲ್ಲ, ನೋಟ್‌ಬುಕ್ ಇಟ್ಟಿರೋರೂ ಕಾಲ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಕ್ಕೆ ಚಿಕಿತ್ಸೆ ಕೊಡೋ ಪ್ರತ್ಯೇಕ ವಿಭಾಗವೇ ಇದೆ.

ಪರಊರಿನಲ್ಲಿ ಪತ್ತೇದಾರ ಅನ್ನೋ ಕಥೆ ಹ್ಯಾರಿಯಿಂದಲೇ ಶುರುವಾಗಿದ್ದಲ್ಲ. ಐದು ವರ್ಷ ಮೊದಲು, 1992ರಲ್ಲಿ, ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ 'ರೀಗಾದ ನಾಯಿಗಳು' ಬರೆದಿದ್ದರು. ಅವರ ಪತ್ತೇದಾರ ಕರ್ಟ್ ವಲಾಂಡರ್. ಡಿವೋರ್ಸ್ ಆದವನು, ಸರಿಯಾಗಿ ಊಟ ನಿದ್ದೆ ಇಲ್ಲದವನು, ಒಬ್ಬನೇ ಕೂತು ಒಪೆರಾ ಕೇಳೋನು. ಸ್ವೀಡನ್ನಿನ ದಡಕ್ಕೆ ಒಂದು ರಬ್ಬರ್ ತೆಪ್ಪ ತೇಲಿ ಬರುತ್ತೆ, ಅದರಲ್ಲಿ ಎರಡು ಹೆಣ. ಅದರ ಜಾಡು ಹಿಡಿದು ಲಾಟ್ವಿಯಾದಿಂದ ಮೇಜರ್ ಲಿಯೆಪಾ ಅನ್ನೋ ಅಧಿಕಾರಿ ಬಂದು ಹೋಗ್ತಾನೆ. ಊರಿಗೆ ವಾಪಸಾದ ಮೇಲೆ ಅವನದ್ದೇ ಕೊಲೆ ಆಗುತ್ತೆ. ವಲಾಂಡರ್ ರೀಗಾಕ್ಕೆ ಹೋಗಬೇಕಾಗುತ್ತೆ.

ಕಾಲ 1991ರ ಫೆಬ್ರುವರಿ. ಲಾಟ್ವಿಯಾ ಸೋವಿಯತ್ ಹಿಡಿತದಿಂದ ಬಿಡಿಸಿಕೊಳ್ಳೋಕೆ ಒದ್ದಾಡ್ತಿದ್ದ ಹೊತ್ತು. ಹಿಂದಿನ ತಿಂಗಳಷ್ಟೇ ಜನ ಬೀದಿಗಳಿಗೆ ಅಡ್ಡಗಟ್ಟಿ ಕಾವಲು ಕಾದಿದ್ದರು, ಜನವರಿ 20ರಂದು ರೀಗಾದಲ್ಲಿ ಗುಂಡು ಹಾರಿ ಜನ ಸತ್ತಿದ್ದರು. ಸಿಡ್ನಿಯಲ್ಲಿ ಹ್ಯಾರಿಗೆ ಭಾಷೆಯಾದ್ರೂ ಇತ್ತು. ರೀಗಾದಲ್ಲಿ ವಲಾಂಡರ್‌ಗೆ ಅದೂ ಇಲ್ಲ. ಹೋಟೆಲ್‌ನಿಂದ ಹೊರಗೆ ಬಂದ್ರೆ ಹಿಂದೆ ಯಾರೋ ಬರ್ತಾರೆ. ಇಬ್ಬರು ಕರ್ನಲ್‌ಗಳು ಎದುರಿಗೆ ಕೂರ್ತಾರೆ. ಅವರಲ್ಲಿ ಯಾರನ್ನ ನಂಬೋದು? ಇಲ್ಲಿ ಪೊಲೀಸ್ ಇಲಾಖೆಯ ಮೇಲೇ ಅನುಮಾನ, ಆದ್ದರಿಂದ ಅವನಿಗೆ ದಾರಿ ತೋರಿಸೋದು ಮೇಜರನ ಹೆಂಡತಿ ಬೈಬಾ. ಎರಡನೇ ಸಲ ಅವನು ಆ ಊರಿಗೆ ಕದ್ದುಮುಚ್ಚಿ ಹೋಗ್ತಾನೆ. ಕಾನೂನು ಕಾಪಾಡಬೇಕಾದವನೇ ಗಡಿ ಕದ್ದು ದಾಟೋ ಸ್ಥಿತಿ. 2012ರಲ್ಲಿ ಬಿಬಿಸಿಗಾಗಿ ಕೆನೆತ್ ಬ್ರಾನಾ ನಟಿಸಿದ 'ವಲಾಂಡರ್' ಸರಣಿಯಲ್ಲಿ ಈ ಕಥೆಯೂ ಬಂದಿದೆ.

ಸಿನಿಮಾ ಬೇಕು ಅನ್ನೋರಿಗೆ 'ಇನ್‌ಸೋಮ್ನಿಯಾ'. ಬಹಳಷ್ಟು ಜನ 2002ರ ಕ್ರಿಸ್ಟೋಫರ್ ನೋಲನ್ ಸಿನಿಮಾ ನೋಡಿರ್ತೀರಿ, ಅಲ್ ಪಚಿನೋ, ರಾಬಿನ್ ವಿಲಿಯಮ್ಸ್ ಇರೋದು. ಅದರ ಮೂಲ 1997ರ ನಾರ್ವೆ ಸಿನಿಮಾ. ಅಲ್ಲಿ ಸ್ಟೆಲ್ಲಾನ್ ಸ್ಕಾರ್ಸ್‌ಗಾರ್ಡ್ ಸ್ವೀಡನ್ನಿನಿಂದ ಬಂದ ಪೊಲೀಸ್. ನಾರ್ವೆಯ ಉತ್ತರದಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗೋದೇ ಇಲ್ಲ. ಮಂಜಿನಲ್ಲಿ ಆರೋಪಿಯ ಬೆನ್ನಟ್ಟುವಾಗ ತನ್ನ ಜೊತೆಗಾರನಿಗೇ ಗುಂಡು ಹೊಡೆದುಬಿಡ್ತಾನೆ, ಅದನ್ನ ಮುಚ್ಚಿಡ್ತಾನೆ. ಕರ್ಟನ್ ಎಷ್ಟೇ ಎಳೆದ್ರೂ ಬೆಳಕು ಒಳಗೆ ಬರ್ತಾನೇ ಇರುತ್ತೆ, ನಿದ್ದೆ ಬರಲ್ಲ. ಹ್ಯಾರಿಯ ಮುಚ್ಚಿಟ್ಟ ಅಪಘಾತಕ್ಕೂ ಇದಕ್ಕೂ ಹೋಲಿಕೆ ನೋಡಿ. ಎರಡೂ ಬಂದಿದ್ದು 1997ರಲ್ಲೇ.

ಹ್ಯಾರಿ, ವಲಾಂಡರ್, ಈ ಸ್ವೀಡಿಷ್ ಪೊಲೀಸ್, ಮೂವರಿಗೂ ಒಂದೇ ಗತಿ. ಮನೆಯಲ್ಲಿದ್ರೆ ನಮ್ಮ ತೊಂದರೆಯನ್ನ ಮರೆಸೋಕೆ ನೂರು ದಾರಿ ಇವೆ. ಆಫೀಸು, ಫ್ರೆಂಡ್ಸು, ಗೊತ್ತಿರೋ ರಸ್ತೆ, ಗೊತ್ತಿರೋ ಟೀ ಅಂಗಡಿ. ಪರಊರಿನ ಹೋಟೆಲ್ ರೂಮಲ್ಲಿ ಅದ್ಯಾವುದೂ ಇರಲ್ಲ. ಕೆಲಸಕ್ಕೆ ಅಂತ ಮೊದಲ ಸಲ ಪುಣೆಗೋ ನೋಯ್ಡಾಗೋ ಹೋಗಿ ಪಿಜಿಯಲ್ಲಿ ಮೊದಲ ಭಾನುವಾರ ಕಳೆದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಪುಸ್ತಕದಲ್ಲಿ ಕೊರತೆ ಇಲ್ವಾ? ಇದೆ. ನೆಸ್ಬೊ ಸಿಡ್ನಿಗೆ ಹೊಸಬರು, ಅದು ಗೊತ್ತಾಗುತ್ತೆ. ಕೆಲವು ಪುಟಗಳು ಟೂರಿಸ್ಟ್ ಗೈಡ್ ಥರ ಇವೆ, ಕಿಂಗ್ಸ್ ಕ್ರಾಸ್ ನೋಡಿ, ಅಕ್ವೇರಿಯಂ ನೋಡಿ ಅನ್ನೋ ಹಾಗೆ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಮೂಲನಿವಾಸಿಗಳ ಕಥೆಗಳನ್ನ, ನೋವನ್ನ ಒಬ್ಬ ನಾರ್ವೆ ಲೇಖಕರು ತಮ್ಮ ಥ್ರಿಲ್ಲರ್‌ಗೆ ಬಳಸಿಕೊಳ್ತಾರೆ. ಆಂಡ್ರೂ ಎಷ್ಟೇ ಚೆನ್ನಾಗಿ ಮೂಡಿದ್ರೂ ಕಥೆ ನೋಡೋದು ಹ್ಯಾರಿಯ ಕಣ್ಣಲ್ಲೇ. ಆಂಡ್ರೂನೇ ಮುಖ್ಯ ಪತ್ತೇದಾರ ಆಗಿದ್ರೆ ಆ ಊರು ಹೇಗೆ ಕಾಣ್ತಿತ್ತು ಅಂತ ನಾನು ಓದುವಾಗೆಲ್ಲ ಯೋಚಿಸ್ತೀನಿ. ಅದಕ್ಕೆ ನನ್ನ ಸಲಹೆ, ಈ ಪುಸ್ತಕದ ಜೊತೆ ಐವಾನ್ ಸೆನ್ ನಿರ್ದೇಶನದ 'ಮಿಸ್ಟರಿ ರೋಡ್' ಸಿನಿಮಾ ನೋಡಿ, 2013ರದ್ದು. ಸೆನ್ ಅವರೇ ಮೂಲನಿವಾಸಿ ಹಿನ್ನೆಲೆಯವರು. ಅದರ ಪತ್ತೇದಾರ ಜೇ ಸ್ವಾನ್ ಕೂಡ ಮೂಲನಿವಾಸಿ. ತನ್ನದೇ ಊರಿಗೆ ವಾಪಸ್ ಬಂದು ಒಬ್ಬ ಮೂಲನಿವಾಸಿ ಹುಡುಗಿಯ ಕೊಲೆ ತನಿಖೆ ಮಾಡ್ತಾನೆ. ಪೊಲೀಸರಿಗೆ ಅವನು ಪೂರ್ತಿ ತಮ್ಮವನಲ್ಲ, ಊರಿನವರಿಗೆ ಅವನು ಪೊಲೀಸ್. ಹುಟ್ಟಿದ ಊರಲ್ಲೇ ಹೊರಗಿನವನು. ನಾನು ಆಗ ಕೇಳಿದ ಪ್ರಶ್ನೆಗೆ, ಯಾರ ಸಾವಿಗೆ ಪತ್ತೇದಾರ ಬರ್ತಾನೆ ಅನ್ನೋದಕ್ಕೆ, ಆ ಸಿನಿಮಾ ನೇರವಾಗಿ ಮುಖಾಮುಖಿ ಆಗುತ್ತೆ.

ಹ್ಯಾರಿ ಸರಣಿ ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ ಕೊನೆಯ ಮಾತು. 'ದಿ ಬ್ಯಾಟ್' ಓದಿ, ಆಮೇಲೆ ಎರಡನೆಯದು 'ಕಾಕ್ರೋಚಸ್'. ಅದು 1998ರದ್ದು, ಅದರಲ್ಲೂ ಹ್ಯಾರಿ ಪರಊರಿನಲ್ಲೇ ಇದ್ದಾನೆ, ಬ್ಯಾಂಕಾಕ್‌ನಲ್ಲಿ, ನಾರ್ವೆ ರಾಯಭಾರಿಯ ಕೊಲೆ ಬೆನ್ನು ಹತ್ತಿ. ಮೂರನೇ ಪುಸ್ತಕದಿಂದ ಅವನು ಓಸ್ಲೋಗೆ ಬರ್ತಾನೆ, ಅಲ್ಲಿಂದ ಬರವಣಿಗೆಯೂ ಗಟ್ಟಿಯಾಗುತ್ತೆ. ಮೊದಲಿನ ಎರಡನ್ನ ಬಿಟ್ಟು ನೇರ ಮೂರಕ್ಕೆ ಹೋಗಿ ಅನ್ನೋರೂ ಇದ್ದಾರೆ. ನಾನು ಬೇಡ ಅಂತೀನಿ. ಅವನನ್ನ ಮೊದಲು ಏನೂ ಗೊತ್ತಿಲ್ಲದ ಊರಲ್ಲಿ ನೋಡಿ, ಆಮೇಲೆ ಅವನ ಊರಲ್ಲಿ ನೋಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ನಿಮಗೆ ಗೊತ್ತಿಲ್ಲದ ಊರಲ್ಲಿ ನಿಮಗೊಬ್ಬ ಆಂಡ್ರೂ ಸಿಕ್ಕಿದ್ರಾ? ದಾರಿ ತೋರಿಸಿದ ಆಟೋದವರೋ, ಪಿಜಿ ಅಡುಗೆಯವರೋ, ಆಫೀಸ್ ಸೆಕ್ಯೂರಿಟಿಯವರೋ? ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದಿಷ್ಟು ಕೇಳಿಸ್ತೀನಿ. ಅಲ್ಲಿವರೆಗೆ ನಮಸ್ಕಾರ.